ಖಾಲಿ ಖಾನೆ

ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಕೋಡ್ ಸರಿಯಿದ್ದೂ ಕನ್ಸೋಲ್ ದೋಷ ತೋರಿಸಿ ಕೆಂಪಾದರೆ ಮೊದಲು ಆಬ್ಜೆಕ್ಟಿನ ಖಾನೆಗಳನ್ನು ತೋರಿಸುವ ಇನ್‌ಸ್ಪೆಕ್ಟರ್ ನೋಡಿ. ಟಾರ್ಗೆಟ್ (ಕೋಡ್ ಬಳಸಬೇಕಾದ ಆಬ್ಜೆಕ್ಟಿನ ಖಾನೆ) ಎದುರು 'ನನ್' (None, ಅಂದರೆ ಖಾಲಿ) ಅಂತಿದ್ದರೆ ಕಥೆ ಅಲ್ಲೇ ಮುಗೀತು. ವಿಳಾಸ ಬರೆಯದೆ ಲಗ್ನಪತ್ರಿಕೆ ಅಂಚೆಗೆ ಹಾಕಿದ ಹಾಗೆ. ಸೀನ್‌ನ (ಆಟದ ದೃಶ್ಯದ) ಆಬ್ಜೆಕ್ಟುಗಳ ಪಟ್ಟಿಯಾದ ಹೈರಾರ್ಕಿಯಿಂದ ಪ್ಲೇಯರ್ ಎಳೆದು ಆ ಖಾನೆಗೆ ಬಿಟ್ಟರೆ ಸಾಕು. ಆದರೆ ಪ್ಲೇ ಒತ್ತಿರುವಾಗ ಬಿಟ್ಟಿದ್ದು ಸ್ಟಾಪ್ ಒತ್ತಿದ ಕೂಡಲೇ ಮಾಯ.

ನಿಜವಾದ ತಲೆನೋವು ಪ್ರತಿಗಳ ಅಚ್ಚಾಗಿ ಫೈಲಿನಲ್ಲಿ ಉಳಿಸಿದ ಪ್ರಿಫ್ಯಾಬ್‌ದು. ಪ್ರಾಜೆಕ್ಟ್ ಫೋಲ್ಡರಿನಲ್ಲಿರುವ ಶತ್ರುವಿನ ಪ್ರಿಫ್ಯಾಬ್‌ಗೆ ಸೀನ್‌ನಲ್ಲಿರುವ ಪ್ಲೇಯರನ್ನು ಎಷ್ಟು ಎಳೆದರೂ ಕೂರಲ್ಲ. ಒಂದು ಫೈಲ್, ಆ ಸೀನ್ ತೆರೆದೇ ಇರುತ್ತೆ ಅಂತ ನಂಬೋದಾದರೂ ಹೇಗೆ? ಅದಕ್ಕೇ ಪ್ಲೇಯರನ್ನು ಸೀನ್‌ನಲ್ಲೇ ಇದ್ದು ಶತ್ರುಗಳನ್ನು ಹುಟ್ಟಿಸುವ ಸ್ಪಾನರ್ ಬಳಿ ಇಟ್ಟು, ಪ್ರಿಫ್ಯಾಬ್ ನಕಲಿಸುವ ಇನ್‌ಸ್ಟಾನ್ಶಿಯೇಟ್ ವಾಪಸ್ ಕೊಡುವ ಪ್ರತಿಯ ಟಾರ್ಗೆಟ್‌ಗೆ ಮುಂದಿನ ಸಾಲಿನಲ್ಲೇ ತುಂಬಿ. ಇಲ್ಲೊಂದು ಸೂಕ್ಷ್ಮ: ಶತ್ರು ಸಕ್ರಿಯವಾಗಿದ್ದರೆ ಅದರಲ್ಲಿ ತಾನಾಗಿಯೇ ಓಡುವ ಅವೇಕ್, ಆನ್‌ಎನೇಬಲ್ ಎರಡೂ ಇನ್‌ಸ್ಟಾನ್ಶಿಯೇಟ್ ಒಳಗೇ ಓಡಿ ಮುಗಿದಿರುತ್ತವೆ. ಅಲ್ಲಿ ಟಾರ್ಗೆಟ್ ಮುಟ್ಟಿದರೆ ಸಿಗೋದು ನಲ್ (ಖಾಲಿ), ಆಮೇಲೆ ಓಡುವ ಸ್ಟಾರ್ಟ್‌ನಲ್ಲಿ ಮುಟ್ಟಿ.

ಗೇಮ್‌ಆಬ್ಜೆಕ್ಟ್ ಡಾಟ್ ಫೈಂಡ್‌ನಿಂದ ಹೆಸರು ಹೇಳಿ ಹುಡುಕೋದು ಸುಲಭ ಅನಿಸುತ್ತೆ, ನನಗಂತೂ ಇಷ್ಟವಿಲ್ಲ. ಹೆಸರಲ್ಲಿ ಒಂದಕ್ಷರ ತಪ್ಪಿದರೂ, ಆಬ್ಜೆಕ್ಟ್ ನಿಷ್ಕ್ರಿಯವಾಗಿದ್ದರೂ ಸದ್ದಿಲ್ಲದೆ ನಲ್ ಕೊಡುತ್ತೆ.

ಇನ್ನು, ವೇರಿಯಬಲ್ ಹೆಸರು ಬದಲಿಸಿದರೆ ಅದಕ್ಕೆ ತುಂಬಿದ ಖಾನೆಗಳೆಲ್ಲ ಖಾಲಿ. ಬದಲಿಸುವಾಗಲೇ ಅದರ ಮೇಲೆ ಫಾರ್ಮರ್ಲಿ ಸೀರಿಯಲೈಸ್ಡ್ ಆ್ಯಸ್ (FormerlySerializedAs) ಅನ್ನೋ ಗುರುತು ಹಾಕಿ, ಅದರಲ್ಲಿ ಹಳೇ ಹೆಸರು ಬರೆಯಿರಿ.