ಎಡಕ್ಕೆ ಎಡಕ್ಕೆ ಅಂತ ಕನ್ನಡದಲ್ಲಿ ಕಿರುಚಿದ್ದು

ಬ್ರಿಟನ್-ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಟಿಟಿ ಅನ್ನೋ ಬೈಕ್ ರೇಸ್ ಟೈಮಲ್ಲಿ ಟಿಎಂ, ಅಂದ್ರೆ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕೆಲ್ಸಕ್ಕೆ ಹೋಗಿದ್ದೆ, ಕೋನ್ ಇಡೋದು, ಬೋರ್ಡ್ ನಿಲ್ಸೋದು, ಸ್ಯಾಂಡ್‌ಬ್ಯಾಗ್ ಹೊರೋದು. ಅಲ್ಲಿ ರೇಸ್ ಓಡೋದೇ ಜನ ಓಡಾಡೋ ರಸ್ತೇಲಿ, ಒಂದು ಲ್ಯಾಪ್ 60 ಕಿ.ಮೀ. ದಾಟುತ್ತೆ, ಬೆಟ್ಟದ ಮೇಲಿನ ಈ ದಾರೀಲಿ 1911ರಿಂದ ನಡೀತಾ ಬಂದಿದೆ. ರಸ್ತೆ ಓಪನ್ ಆಗಿದ್ದೇ ತಡ, ನೋಡೋಕೆ ಬಂದ ಬೈಕಿನವರೆಲ್ಲ ಅದಕ್ಕೇ ಇಳೀತಾರೆ, ಊರಾಚೆ ಎಷ್ಟೋ ಕಡೆ ಸ್ಪೀಡ್ ಲಿಮಿಟ್ಟೂ ಇಲ್ಲ. ನಂದಿ ಬೆಟ್ಟದ ಭಾನುವಾರ ಬೆಳಗ್ಗೇನ ಎರಡು ವಾರ ಎಳೆದ್ರೆ ಹೆಂಗಿರುತ್ತೋ ಹಂಗೆ.

ನಮ್ಮ ಸೆಕ್ಷನ್ ಸೈನ್ ಶೆಡ್ಯೂಲ್, ಅಂದ್ರೆ ಯಾವ ಬೋರ್ಡ್ ಎಲ್ಲಿ ಅನ್ನೋ ಪಟ್ಟಿ, ಮಾಡಿದ್ದು ನಾನೇ. ಇದ್ದಬದ್ದ ಬೋರ್ಡೆಲ್ಲ ತಿರುವುಗಳಿಗೆ ಹಾಕ್ಸಿದ್ದೆ. ಕೆಲ್ಸ ಶುರುವಾಗೋ ಮುಂಚಿನ ಸೇಫ್ಟಿ ಮಾತುಕತೇಲಿ (ಟೂಲ್‌ಬಾಕ್ಸ್ ಟಾಕ್) ನಮ್ ಜೊತೆಗಿದ್ದ ಪೋಲೆಂಡ್‌ನವನು ಕೈ ಎತ್ತಿ, ತಿರುವಲ್ಲಿ ಎಲ್ರೂ ಎಚ್ಚರವಾಗೇ ಇರ್ತಾರೆ, ಕಾಫಿ ಕುಡಿಯೋಕೆ ನಿಂತು ಮತ್ತೆ ಹೊರಡೋ ಜಾಗಕ್ಕೆ ಎರಡು ಬೋರ್ಡ್ ಕೊಡು ಅಂದ. ಕಾರ್ ಪಾರ್ಕಲ್ಲಿ ಯಾರಪ್ಪ ಬೀಳ್ತಾರೆ ಅಂತ ನಗಾಡಿಬಿಟ್ಟೆ. ಈ ದ್ವೀಪದಲ್ಲೂ ನಮ್ಮಂಗೇ ಎಡಕ್ಕೆ ಓಡ್ಸೋದು; ಅವನು ಬಲಕ್ಕೆ ಓಡ್ಸೋ ದೇಶದೋನು, ನಾನು ಹುಟ್ಟಿದಾಗಿಂದ ಎಡಕ್ಕೇ ಓಡ್ಸಿದೋನು, ಆ ತಲೆ ಹೆಂಗೆ ಓಡುತ್ತೆ ಅನ್ನೋದು ನಂಗೆ ಹೊಳೀಲೇ ಇಲ್ಲ.

ಪ್ರಾಕ್ಟೀಸ್ ವಾರ, ಬೆಳಿಗ್ಗೆ ಎಂಟೂವರೆ ಇರ್ಬೇಕು. ಹಳ್ಳಿ ಕೆಫೆ ಎದುರು ವ್ಯಾನ್ ನಿಲ್ಸಿ ಕೋನ್ ಎತ್ತಿ ಹಾಕ್ತಿದ್ದೆ. ಜರ್ಮನ್ ಪ್ಲೇಟಿನವನೊಬ್ಬ ನಿಧಾನಕ್ಕೆ ಗ್ಲೌಸ್ ಹಾಕ್ಕೊಂಡ, ಕನ್ನಡಿ ಒರೆಸಿದ, ಎರಡೂ ಕಡೆ ನೋಡ್ದ, ಶಿಸ್ತು ಅಂದ್ರೆ ಶಿಸ್ತು. ರಸ್ತೆ ಖಾಲಿ. ಹೊರಗೆ ಬಂದು ಬಲಕ್ಕೆ ಒತ್ತಿಗೇ ತಿರುಗಿಸಿ ಬಲಗಡೆಯೇ ಹೊರಟ, ಮುಂದೆ ಒಂದು ಗಾಡಿ ಇದ್ದಿದ್ರೆ ಅದನ್ನ ನೋಡಾದ್ರೂ ನೆನಪಾಗ್ತಿತ್ತೇನೋ. ಅಷ್ಟರಲ್ಲಿ ತಿರುವಿನಾಚೆ ಬಸ್ಸಿನ ಸದ್ದು. ನಂಗೆ ಇಂಗ್ಲಿಷ್ ಅನ್ನೋದೇ ಮರ್ತೋಯ್ತು, ಏಯ್ ಎಡಕ್ಕೆ, ಎಡಕ್ಕೆ ಅಂತ ಅರಚ್ಕೊಂಡು ಕೈಲಿದ್ದ ಕೋನ್ ಆಡಿಸ್ತಾ ಓಡ್ದೆ. ಹೆಲ್ಮೆಟ್ ಒಳಗೆ ಕನ್ನಡ ಎಲ್ಲಿ ಕೇಳುತ್ತೆ. ಅವನು ನಂಗೇ ಕೈ ಬೀಸಿದ, ಹಲೋ ಅಂದ್ಕೊಂಡು!

ಬಸ್ ಅದಾಗ್ಲೇ ನಡೆಯೋ ಸ್ಪೀಡಿಗೆ ಬಂದಿತ್ತು. ಯಾಕಂದ್ರೆ ನಮ್ ವ್ಯಾನಿನ ಅಂಬರ್ ಲೈಟ್ ಮಿನುಗ್ತಾ ಇತ್ತು, ನಾನು ಆಫ್ ಮಾಡೋಕೆ ಮರ್ತಿದ್ದೆ. ಇಬ್ಬರ ಮಧ್ಯ ಒಂದು ಮಂಚದಷ್ಟು ಜಾಗ ಉಳೀತು. ಆ ಮನುಷ್ಯ ಬೈಕ್ ಸ್ಟ್ಯಾಂಡ್ ಹಾಕಿ ಗೋಡೆ ಮೇಲೆ ಕೂತ, ಗ್ಲೌಸ್ ಬಿಚ್ಚೋಕೂ ಕೈ ಬರ್ತಿರ್ಲಿಲ್ಲ.

ಆಮೇಲೆ ಯೋಚ್ನೆ ಮಾಡಿದ್ರೆ ಬೆಟ್ಟದ ಒನ್‌ವೇಗೂ ಇದೇ ಕಥೆ. ಎದುರುಬದುರು ಡಿಕ್ಕಿ ಆಗ್ಬಾರ್ದು ಅಂತ ರೇಸ್ ಟೈಮಲ್ಲಿ ಬೆಟ್ಟದ ರಸ್ತೇನ ರಾಮ್ಸೇ ಊರಿನ ಕಡೆಯಿಂದ ಕ್ರೆಗ್-ನಿ-ಬಾ ಅನ್ನೋ ಜಾಗದ ಕಡೆಗೆ ಒನ್‌ವೇ ಮಾಡ್ತಾರೆ, ಬಹಳ ಒಳ್ಳೇದೇ, ಆದ್ರೆ ಅಷ್ಟುದ್ದ ಇಡೀ ರಸ್ತೆ ನಂದೇ ಅಂತ ಬಂದೋನಿಗೆ ಒನ್‌ವೇ ಮುಗಿಯೋ ಕಡೆ ಎಡ ಯಾವ್ದು ಅಂತ ಒಂದ್ಸಲ ಅಲ್ಲ, ಮೂರು ಸಲ ಹೇಳ್ಬೇಕು.

ಆಫೀಸಿಗೆ ನಿಯರ್ ಮಿಸ್ (ಕೂದಲೆಳೇಲಿ ತಪ್ಪಿದ ಅಪಘಾತದ) ಫಾರ್ಮ್ ಕಳ್ಸಿ ಬೋರ್ಡ್ ಕೇಳಿದ್ರೆ ಶೆಡ್ಯೂಲ್ ಫ್ರೀಜ್ ಆಗಿದೆ ಅಂದ್ರು, ವಿಎಂಎಸ್, ಅಂದ್ರೆ ಅಕ್ಷರ ಬದಲಾಗೋ ಎಲೆಕ್ಟ್ರಾನಿಕ್ ಬೋರ್ಡ್, ಬಾಡಿಗೆಗೆ ಬಜೆಟ್ ಇಲ್ಲ ಅಂದ್ರು. ವಿಎಂಎಸ್ ಯಾರ್ ಕೇಳಿದ್ರು? ಡಿಪೋ ಮೂಲೇಲಿದ್ದ ಹಳೇ ಎ-ಫ್ರೇಮ್‌ಗಳಿಗೆ (ನೆಲದ ಮೇಲೆ ನಿಲ್ಸೋ ಬೋರ್ಡು) ದೊಡ್ಡ ಬಾಣ ಬರೆದು ಕೆಳಗೆ ‘ಲಿಂಕ್ಸ್ ಫಾರೆನ್’ ಅಂತ ಹಾಕಿದ್ವಿ, ಎಡಕ್ಕೆ ಓಡ್ಸು ಅಂತ ಜರ್ಮನ್‌ನಲ್ಲಿ, ನಂಗೆ ಮಾತ್ರ ಪ್ರತಿ ಸಲ ಫಾರಿನ್ ಅಂತಲೇ ಕಾಣೋದು. ಎಲ್ಲಿ ಇಡ್ಬೇಕು ಅಂತ ತೋರ್ಸಿದ್ದು ಪೋಲೆಂಡ್‌ನವನೇ: ಕಂಬದ ಮೇಲಲ್ಲ, ಪಾರ್ಕಿಂಗ್ ಬಾಯಲ್ಲಿ, ಕ್ಲಚ್ ಬಿಡೋವಾಗ ಕಣ್ಣು ಬೀಳೋ ಎತ್ತರಕ್ಕೆ. ತಿರುವಿನ ಬೋರ್ಡುಗಳಲ್ಲೇ ನಾಲ್ಕು ಕಿತ್ಕೊಂಡು ಬಂದ್ವಿ, ಯಾರಿಗೂ ಗೊತ್ತಾಗ್ಲಿಲ್ಲ.

ಆ ಫಾರ್ಮ್‌ಗೆ ಉತ್ತರ ಬರ್ಲಿಲ್ಲ. ಬಂದಿದ್ದು ಇನ್ನೊಂದು ಮೇಲ್: ಅಂಬರ್ ಲೈಟ್ ಆನ್ ಬಿಟ್ಟು ವ್ಯಾನ್ ಬ್ಯಾಟರಿ ಇಳಿಸಿದ್ದು ಯಾರು ಅಂತ.