ಖಾತೆಗೆ ಒಂದು ಸೈನ್

“ಅಕ್ಕ, ಮನೆ ಖಾತೆ ಬದಲಾಯಿಸಬೇಕು. ನಿನ್ನದೊಂದು ಸೈನ್ ಬೇಕು. ಬುಧವಾರ ಬಂದು ಹೋಗ್ತೀಯಾ?” ಅಂತ ತಮ್ಮ ಫೋನ್ ಮಾಡಿದಾಗ ನಾನು ಎರಡನೇ ಮಾತು ಆಡಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಿಪಟೂರಿನ ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮೇಲೊಂದು ಮಹಡಿ ಕಟ್ಟೋಕೆ ತಮ್ಮನಿಗೆ ಬ್ಯಾಂಕ್ ಸಾಲ ಬೇಕಿತ್ತು. ಅಪ್ಪನ ಕೊನೆಯ ದಿನಗಳಲ್ಲಿ ರಾತ್ರಿ ಎದ್ದು ನೋಡಿಕೊಂಡವನು ಅವನೇ. ನನ್ನ ಪಾಲು ಅವನಿಗೆ ಅಂತ ನಾನು ಆಗಲೇ ಮನಸ್ಸಿನಲ್ಲಿ ಬಿಟ್ಟುಕೊಟ್ಟಿದ್ದೆ. ಬುಧವಾರ ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿದೆ.

ಮನೆಗೆ ಹೋದಾಗ ಅಮ್ಮ ಟ್ರಂಕು ತೆಗೆದು ಕೂತಿದ್ದರು. ನುಸಿಗುಳಿಗೆ ವಾಸನೆಯ ಸೀರೆಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರ ಮೇಲೆ ಅಪ್ಪನ ದುಂಡು ಅಕ್ಷರ: “ಮನೆ ಪತ್ರ. ಅಸಲು. ಯಾರಿಗೂ ಕೊಡಬಾರದು.” ಒಳಗೆ 1991ರ ಕ್ರಯಪತ್ರ. ಮೂವತ್ತು-ನಲವತ್ತರ ಸೈಟು. ಚಕ್ಕುಬಂದಿ ಓದಿದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ತೆಂಗಿನ ತೋಟ. ಈಗ ಪಶ್ಚಿಮಕ್ಕೆ ಮೂರು ಮನೆಗಳಿವೆ, ಒಂದೇ ಒಂದು ತೆಂಗಿನ ಮರ ಇಲ್ಲ. ಆ ತೋಟದಲ್ಲಿ ಬಿದ್ದ ಗರಿ ಎಳೆದು ತಂದು ನಾನೂ ತಮ್ಮನೂ ಬಂಡಿ ಆಟ ಆಡುತ್ತಿದ್ದೆವು.

ಹನ್ನೊಂದು ಗಂಟೆಗೆ ಮೂವರೂ ಪತ್ರ ಬರಹಗಾರರ ಅಂಗಡಿಗೆ ಹೋದೆವು. ಅವರು ವಯಸ್ಸಾದವರು, ಸಮಾಧಾನದ ಮನುಷ್ಯ. ಡ್ರಾಫ್ಟ್ ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟರು. “ಓದಿ ನೋಡಿ ತಾಯಿ. ಸರಿ ಇದ್ರೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಅಪ್‌ಲೋಡ್ ಮಾಡ್ತೀನಿ. ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ ಮೇಲೆ ಫೀಸು ಕಟ್ಟಿ ಸ್ಲಾಟ್ ತಗೊಳ್ಳೋದು. ಆ ದಿನ ಬಂದು ಫೋಟೋ, ಹೆಬ್ಬೆಟ್ಟು ಕೊಟ್ರೆ ಆಯ್ತು.”

ಮೇಲೆ ದಪ್ಪ ಅಕ್ಷರದಲ್ಲಿ ‘ಹಕ್ಕು ಖುಲಾಸೆ ಪತ್ರ’ ಅಂತ ಇತ್ತು. ಖಾತೆ ಅನ್ನೋ ಮಾತೇ ಇರಲಿಲ್ಲ. ಕೆಳಗೆ ನಾನು ಮಾತ್ರ ಅಲ್ಲ, ಅಮ್ಮನ ಹೆಸರೂ ಇತ್ತು. “ನಾವಿಬ್ಬರೂ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇವೆ. ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನಮಗಾಗಲಿ ನಮ್ಮ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ.” ಆ ಸಾಲನ್ನು ಎರಡು ಸಲ ಓದಿದೆ. ಪಕ್ಕದಲ್ಲಿ ಅಮ್ಮ ಸೆರಗಿನ ತುದಿ ಹಿಡಿದು ಕೂತಿದ್ದರು. ಮೂವತ್ತು ವರ್ಷ ಸಾರಿಸಿ ಗುಡಿಸಿದ ಮನೆಯಲ್ಲಿ ಅವರಿಗೆ ಇನ್ನು ಏನೂ ಇಲ್ಲ ಅಂತ ಆ ಕಾಗದ ಹೇಳುತ್ತಿತ್ತು.

“ಇದು ಖಾತೆ ಬದಲಾವಣೆ ಅಲ್ವಲ್ಲೋ?” ಅಂದೆ. ತಮ್ಮನ ಮುಖ ಸಪ್ಪಗಾಯಿತು. “ಬ್ಯಾಂಕಿನವರು ಒಬ್ಬರ ಹೆಸರಿಗೆ ಇದ್ರೆ ಸುಲಭ ಅಂದ್ರು ಅಕ್ಕ. ನಾನೂ ಅಷ್ಟು ಯೋಚನೆ ಮಾಡ್ಲಿಲ್ಲ.” ಅವನು ಸುಳ್ಳು ಹೇಳುವವನಲ್ಲ. ನಮ್ಮಲ್ಲಿ ಬಹಳ ಜನರಿಗೆ ಈ ಎರಡರ ವ್ಯತ್ಯಾಸವೇ ಗೊತ್ತಿಲ್ಲ. ನನಗೂ ಅವತ್ತಿನವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಅಪ್‌ಲೋಡ್ ಮಾಡಬೇಡಿ ಅಂತ ಹೇಳಿ ಎದ್ದೆವು. ಮಧ್ಯಾಹ್ನ ಪರಿಚಯದ ಒಬ್ಬರು ವಕೀಲೆಯ ಹತ್ತಿರ ಹೋದೆವು. ಅವರು ಮೊದಲು ಹೇಳಿದ್ದೇ ಖಾತೆಯ ವಿಷಯ. ಖಾತೆ ಅಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ನಗರಸಭೆ ಇಟ್ಟುಕೊಳ್ಳುವ ಲೆಕ್ಕ. ಹೆಸರು ಖಾತೆಯಲ್ಲಿ ಬಂದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ, ಬರದಿದ್ದರೆ ಹಕ್ಕು ಹೋಗುವುದೂ ಇಲ್ಲ. ಅಪ್ಪ ವಿಲ್ ಬರೆದಿರಲಿಲ್ಲ. ಸೈಟು ಅವರ ಸ್ವಂತ ದುಡಿಮೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರು ಕಣ್ಣು ಮುಚ್ಚಿದ ಕ್ಷಣವೇ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮನಾಗಿ ಮೂರು ಪಾಲು. ಅಜ್ಜಿ ಬದುಕಿದ್ದಿದ್ದರೆ ಅವರಿಗೂ ಒಂದು. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದು 2005ರಲ್ಲಿ ಅಂತ ನಾನು ಅಂದುಕೊಂಡಿದ್ದೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳ ಪಾಲು ನಾನು ಹುಟ್ಟುವ ಮೊದಲಿನಿಂದಲೂ ಇತ್ತು.

“ಆ ಪತ್ರ ರಿಜಿಸ್ಟರ್ ಆದ್ಮೇಲೆ ಮನಸ್ಸು ಬದಲಾಯ್ತು ಅಂತ ಒಬ್ಬರೇ ಹೋಗಿ ರದ್ದು ಮಾಡ್ಸೋಕೆ ಆಗಲ್ಲ, ಕೋರ್ಟಿಗೇ ಹೋಗ್ಬೇಕು” ಅಂದರು. ವಯಸ್ಸಾದವರು ಆಸ್ತಿ ಕೊಡುವಾಗ ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತು ಬರೆಸಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅವರ ಕೈ ಹಿಡಿಯುತ್ತದಂತೆ. ನಮ್ಮ ಡ್ರಾಫ್ಟ್‌ನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ತಮ್ಮ ಬಾಯಿ ತೆರೆದು ಕೇಳಿದ: “ಇನ್ನೂರು ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ್ರೆ ಸಾಕು ಅಂತ ಸ್ನೇಹಿತ ಹೇಳ್ತಿದ್ದ ಮೇಡಂ.” ಅವರು ಸಾಲದು ಅನ್ನುವ ಹಾಗೆ ತಲೆ ಆಡಿಸಿದರು. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಮನೆಯವರ ನಡುವಿನ ಖುಲಾಸೆಗೆ ಮಾರಾಟದ ಹಾಗೆ ಬೆಲೆಯ ಮೇಲೆ ಶೇಕಡಾ ಲೆಕ್ಕದ ಮುದ್ರಾಂಕ ಶುಲ್ಕ ಇಲ್ಲ, ನಿಗದಿ ಮೊತ್ತ ಅಷ್ಟೇ. ಅದನ್ನು ಉಳಿಸೋಕೆ ಹೋಗಿ ಬೆಲೆಯಿಲ್ಲದ ಕಾಗದ ಹಿಡಿದುಕೊಂಡವರು ಎಷ್ಟೋ ಜನ.

ಆಮೇಲೆ ಅವರು ಅಮ್ಮನ ಕಡೆ ತಿರುಗಿದರು. “ಅಮ್ಮ, ನಿಮಗೇನು ಬೇಕು?” ಅಲ್ಲಿವರೆಗೆ ಆ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ, ತಮ್ಮನೂ ಕೇಳಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನಿಗೆ ಕೊಡೋಕೆ ನನಗೇನೂ ಬೇಜಾರಿಲ್ಲ. ಆದ್ರೆ ಅದರಲ್ಲಿ ನನ್ನ ಹೆಸರೂ ಇರಬಹುದಾ?” ಅಂದರು. ಏನೋ ತಪ್ಪು ಕೇಳಿದವರ ಹಾಗೆ ಮೆಲ್ಲಗೆ ಕೇಳಿದರು. ನನಗೆ ಗಂಟಲು ಕಟ್ಟಿತು. ತಮ್ಮ ತಕ್ಷಣ “ಇರಲಿ ಮೇಡಂ, ಹಾಗೇ ಬರೀರಿ” ಅಂದ.

ಪತ್ರ ಮತ್ತೆ ಬರೆಸಿದೆವು. ನನ್ನ ಪಾಲು ಮಾತ್ರ ಅಮ್ಮನಿಗೂ ತಮ್ಮನಿಗೂ ಬಿಟ್ಟುಕೊಟ್ಟೆ. ಏನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಟ್ಟೆ. ಅಮ್ಮನ ಪಾಲು ಅಮ್ಮನದಾಗೇ ಉಳಿಯಿತು. ಮಿಕ್ಕಿದ್ದೆಲ್ಲ ಓಡಾಟದ ಕೆಲಸ. ಅಪ್ಪನ ಮರಣ ಪ್ರಮಾಣ ಪತ್ರ ಇತ್ತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಆಸ್ತಿಯ ಮೇಲೆ ಹಿಂದೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಇಸಿ, ಅಂದರೆ ಋಣಭಾರ ಪ್ರಮಾಣ ಪತ್ರ, ಎರಡು ತುಂಡಾಗಿ ಬಂತು. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲೇ ಸಿಕ್ಕಿತು, ಅದಕ್ಕೂ ಹಿಂದಿನದನ್ನು ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕಾಯಿತು.

ಸ್ಲಾಟ್ ದಿನ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಬೆರಳಚ್ಚಿನ ಯಂತ್ರದ ಮುಂದೆ ಕೂತಾಗ ಹಿಂಜರಿದರು. “ನನಗೆ ಸೈನ್ ಬರುತ್ತೆ ಕಣೇ, ಹೆಬ್ಬೆಟ್ಟು ಯಾಕೆ?” ಎಲ್ಲರದ್ದೂ ತಗೋತಾರಮ್ಮ ಅಂತ ನನ್ನದನ್ನು ಮೊದಲು ಒತ್ತಿ ತೋರಿಸಿದೆ. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಹೆಬ್ಬೆರಳು. ಮೂರು ಸಲ ಒತ್ತಿದರೂ ಗೆರೆ ಮೂಡಲಿಲ್ಲ. ನಾಲ್ಕನೇ ಸಲ, ಸೆರಗಿನಿಂದ ಒರೆಸಿ ಒತ್ತಿದ ಮೇಲೆ ಮೂಡಿತು. ಪತ್ರ ಓದಿದ್ದೀರಾ, ಒಪ್ಪಿಗೆ ಇದೆಯಾ ಅಂತ ಸಬ್ ರಿಜಿಸ್ಟ್ರಾರ್ ನನ್ನನ್ನು ಕೇಳಿದರು. “ಪೂರ್ತಿ ಓದಿದ್ದೀನಿ ಸರ್” ಅಂದೆ.

ಕೆಲವು ವಾರಗಳ ನಂತರ ನಗರಸಭೆಯಿಂದ ಇ-ಖಾತೆ ಬಂತು, ಅಮ್ಮ ಮತ್ತು ತಮ್ಮ ಇಬ್ಬರ ಹೆಸರಿನಲ್ಲಿ. ಅಮ್ಮ ಅದನ್ನು ಅಪ್ಪನ ಪ್ಲಾಸ್ಟಿಕ್ ಕವರ್‌ನಲ್ಲೇ ಇಟ್ಟಿದ್ದಾರೆ. ಜಂಟಿ ಹೆಸರಾದ್ದರಿಂದ ಸಾಲದ ಕಾಗದಕ್ಕೆ ಅಮ್ಮನೂ ಸಹಿ ಹಾಕಬೇಕು. ಮೊನ್ನೆ ರಾತ್ರಿ ಅವರೇ ಫೋನ್ ಮಾಡಿದ್ದರು.

“ಬ್ಯಾಂಕಿನವರು ಸೈನ್ ಕೇಳಿದ್ದಾರಂತೆ. ಇಪ್ಪತ್ತು ಪುಟ ಇದೆಯಂತೆ. ಭಾನುವಾರ ಬಾ ಕಣೇ, ಓದಿ ಹೇಳು. ಆಮೇಲೆ ಹಾಕ್ತೀನಿ.”