ಮೆಣಸಿನಕಾಯಿ ಅಳೆಯುವ ಕೆಲಸ, ತಡವಾಗುವ ಸಂಬಳ

ಹುಬ್ಬಳ್ಳಿಯ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ನಾನು ಹಾರ್ಡ್‌ವೇರ್ ಎಂಜಿನಿಯರ್. ಒಣಮೆಣಸಿನಕಾಯಿಯಲ್ಲಿರುವ ತೇವಾಂಶವನ್ನು ಮಾರುಕಟ್ಟೆಯಲ್ಲಿ ನಿಂತ ನಿಲುವಿನಲ್ಲೇ ಅಳೆದು ತೋರಿಸುವ ಉಪಕರಣವನ್ನು ನಾವು ತಯಾರಿಸುತ್ತೇವೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿರುವ ಸಹಪಾಠಿಗಳು ಊರಿಗೆ ಬಂದಾಗಲೆಲ್ಲ “ಇಲ್ಲೇ ಯಾಕ ಉಳದಿ?” ಎಂದು ಕೇಳುತ್ತಾರೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಹುಬ್ಬಳ್ಳಿಯಲ್ಲಿ ಹಳೆಯ ಬಿವಿಬಿ ಕಾಲೇಜು ಈಗ ವಿಶ್ವವಿದ್ಯಾಲಯವಾಗಿದೆ. ಅಲ್ಲಿಂದ ಹೊರಬಂದು ಇಂಥ ಕೆಲಸಕ್ಕೆ ಸೇರಬೇಕೆಂದಿರುವವರಿಗೂ ಈ ಪ್ರಶ್ನೆ ಎದುರಾಗುತ್ತದೆ.

ನಾನು ಉಳಿದದ್ದಕ್ಕೆ ಕಾರಣ ಕೆಲಸವೇ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಫಲಕಗಳ ನಡುವೆ ವಿದ್ಯುದಾವೇಶ ಹಿಡಿದಿಡಲು ಒಂದು ವಸ್ತು ಎಷ್ಟು ನೆರವಾಗುತ್ತದೆಂಬುದರ ಅಳತೆ, ಸುಮಾರು 80. ಒಣಗಿದ ಸಸ್ಯವಸ್ತುವಿನದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಎರಡು ಲೋಹದ ಫಲಕಗಳ ನಡುವೆ ಕಾಯಿ ತುಂಬಿ ಕೆಪ್ಯಾಸಿಟೆನ್ಸ್ (ಆ ಫಲಕಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳೆದರೆ ತೇವಾಂಶ ತಿಳಿಯಬೇಕು. ಕಾಳುಕಡಿಗಳಿಗೆ ಈ ವಿಧಾನ ಒಗ್ಗುತ್ತದೆ, ಆದರೆ ಮೆಣಸಿನಕಾಯಿಯ ಒಳಗೆಲ್ಲ ಟೊಳ್ಳು. ಬ್ಯಾಡಗಿ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ: ಡಬ್ಬಿ ಗಿಡ್ಡಗೆ ದುಂಡಗಿರುತ್ತದೆ, ಕಡ್ಡಿ ಉದ್ದಕ್ಕೆ ಸುಕ್ಕುಗಟ್ಟಿರುತ್ತದೆ. ಒಂದೇ ಪಾತ್ರೆಯಲ್ಲಿ ಎರಡೂ ಬೇರೆ ಬೇರೆ ರೀತಿಯಲ್ಲಿ ಕೂರುವುದರಿಂದ, ತೇವಾಂಶ ಒಂದೇ ಇದ್ದರೂ ಸೆನ್ಸರ್ ತೋರಿಸುವ ಅಂಕಿ ಬೇರೆಯಾಗುತ್ತದೆ. ಹೀಗಾಗಿ ಪಾತ್ರೆಯ ಕೆಳಗೆ ಲೋಡ್ ಸೆಲ್ ಎಂಬ ತೂಕದ ಸೆನ್ಸರ್ ಇಟ್ಟು ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ಅಳತೆಯನ್ನು ತಾಳೆ ನೋಡುವುದೂ ಸುಲಭವಲ್ಲ. ಓವನ್‌ನಲ್ಲಿ ಒಣಗಿಸಿ ತೂಗಿದರೆ ನೀರಿನೊಡನೆ ಕಾಯಿಯ ಆವಿಯಾಗುವ ಎಣ್ಣೆಯೂ ಹೋಗಿ ಅದೂ ತೇವಾಂಶವೆಂದೇ ಲೆಕ್ಕವಾಗುತ್ತದೆ. ಆದ್ದರಿಂದ ಮಸಾಲೆ ಪದಾರ್ಥಗಳಿಗೆ ಟಾಲ್ವೀನ್ ಎಂಬ ದ್ರಾವಕ ಬಳಸಿ ಬಟ್ಟಿ ಇಳಿಸಿ, ಬೇರ್ಪಟ್ಟ ನೀರನ್ನಷ್ಟೇ ಅಳೆಯುವ ಪದ್ಧತಿಯೇ ಸರಿ. ಸರ್ಕ್ಯೂಟ್, ಉಪಕರಣದೊಳಗಿನ ತಂತ್ರಾಂಶವಾದ ಫರ್ಮ್‌ವೇರ್, ಪ್ರಯೋಗಾಲಯದ ಪರೀಕ್ಷೆ, ಕೊನೆಗೆ ಪೆಟ್ಟಿಗೆಯ ರಬ್ಬರ್ ಪಟ್ಟಿ ಸಹ ಒಬ್ಬ ಎಂಜಿನಿಯರನ ಕೈಯಲ್ಲೇ ಹಾದುಹೋಗುವ ಅವಕಾಶ ದೊಡ್ಡ ಕಂಪನಿಯಲ್ಲಿ ಅಪರೂಪ.

ಸುಗ್ಗಿಯಲ್ಲಿ ಉಪಕರಣ ಹೊತ್ತು ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತೇವೆ. ಅಲ್ಲಿ ಅನುಭವಸ್ಥರು ಒಂದು ಹಿಡಿ ಕಾಯಿ ಹಿಸುಕಿ, ಬೀಜದ ಸದ್ದು ಕೇಳಿಯೇ ಹಸಿಯೋ ಒಣವೋ ಹೇಳುತ್ತಾರೆ, ಮತ್ತು ಬಹುತೇಕ ಸರಿಯಾಗಿಯೇ ಹೇಳುತ್ತಾರೆ. ಒಮ್ಮೆ ಹಿರಿಯ ರೈತರೊಬ್ಬರು ಪರದೆಯ ಮೇಲಿನ ಅಂಕಿಯನ್ನು ಬಹಳ ಹೊತ್ತು ನೋಡಿ, “ತಮ್ಮಾ, ಹಸಿ ಐತಿ ಅಂತ ರೇಟ್ ಇಳಿಸಿದ್ರ, ಎಷ್ಟ್ ಹಸಿ ಐತಿ ಅಂತ ಇನ್ನ ನಾನೂ ಕೇಳಬಹುದಲ್ಲ” ಎಂದರು. ಆ ಮಾತು ಕೇಳಿದ ಮೇಲೆ ಕೆಲಸದ ಬಗ್ಗೆ ನನಗಿದ್ದ ಅನುಮಾನ ಹೋಯಿತು.

ಕಷ್ಟವೆಲ್ಲ ಹಣದ ಕಡೆಯಿಂದಲೇ ಬಂತು. ಹೂಡಿಕೆಯ ಕಂತು ತಡವಾದಾಗ ಸಂಬಳ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ಅರ್ಧಕ್ಕೆ ಇಳಿಯಿತು. ಮನೆ ಸಾಲದ ಕಂತು ಮಾತ್ರ ತನ್ನ ತಾರೀಖಿಗೆ ಸರಿಯಾಗಿ ಬರುತ್ತಿತ್ತು. ಸಂಬಳ ತಡವಾದುದಕ್ಕಿಂತ, ಕಂಪನಿಯ ಖಾತೆಯಲ್ಲಿ ಇನ್ನೆಷ್ಟು ತಿಂಗಳಿಗೆ ಸಾಲುವಷ್ಟು ಹಣವಿದೆ ಎಂಬುದನ್ನು ನಮಗೆ ಯಾರೂ ಹೇಳದಿದ್ದುದು ಹೆಚ್ಚು ನೋಯಿಸಿತು. ಇಡೀ ಉಪಕರಣವನ್ನು ನಂಬಿ ಕೈಗೆ ಕೊಡುವವರು ಈ ಒಂದು ಅಂಕಿಯನ್ನು ಮುಚ್ಚಿಡುವುದು ನ್ಯಾಯವಲ್ಲವೆಂದು ಈಗಲೂ ಖಂಡಿತವಾಗಿ ಹೇಳುತ್ತೇನೆ.

ಸಂಬಳದ ಬದಲು ಷೇರಿನ ಆಯ್ಕೆ (ಇಸಾಪ್), ಅಂದರೆ ಕಂಪನಿಯ ಷೇರನ್ನು ಮುಂದೆ ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಕೊಡುತ್ತೇವೆಂದರೆ ಅದನ್ನೂ ಬಿಡಿಸಿ ನೋಡಬೇಕು. ಕಾನೂನಿನ ಪ್ರಕಾರ ಕನಿಷ್ಠ 1 ವರ್ಷ ಕಳೆಯದೆ ಅದು ಕೈಗೆ ದಕ್ಕುವುದಿಲ್ಲ. ದಕ್ಕಿದ ಮೇಲೆ ಷೇರು ಪಡೆದಾಗ, ನಾವು ಕೊಟ್ಟ ಬೆಲೆಗೂ ಅದರ ಮೌಲ್ಯಕ್ಕೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಪರಿಗಣಿಸಿ ತೆರಿಗೆ ಹಾಕುತ್ತಾರೆ. ಕೆಲವು ಮಾನ್ಯ ಸ್ಟಾರ್ಟಪ್‌ಗಳ ನೌಕರರಿಗೆ 2020ರಿಂದ ಈ ತೆರಿಗೆಯನ್ನು ಮುಂದೂಡುವ ಅವಕಾಶ ಇದೆ, ಎಲ್ಲರಿಗೂ ಇಲ್ಲ. ಕೊಳ್ಳುವವರೇ ಇಲ್ಲದ ಷೇರಿಗೆ ತೆರಿಗೆ ಕಟ್ಟುವ ಸಂದರ್ಭವೂ ಬರಬಹುದು.

ನಾವೆಲ್ಲ ಸೇರಿ ಕೇಳಿದ ಮೇಲೆ ಖಾತೆಯ ಲೆಕ್ಕವನ್ನು ಈಗ ಪ್ರತಿ ತಿಂಗಳು ನಮ್ಮ ಮುಂದೆ ಇಡುತ್ತಾರೆ. ಅದನ್ನು ನೋಡಿ ಒಬ್ಬ ಒಳ್ಳೆಯ ಸಹೋದ್ಯೋಗಿ ಬೆಂಗಳೂರಿಗೆ ಹೋದರು, ಅವರ ಮನೆಯ ಸ್ಥಿತಿಗೆ ಅದೇ ಸರಿಯಾಗಿತ್ತು. ನಾನು ಅದೇ ಲೆಕ್ಕವನ್ನು ಮನೆಯಲ್ಲಿ ಅವ್ವನಿಗೂ ಹೆಂಡತಿಗೂ ತೋರಿಸಿ, ಮುಂದಿನ ಸುಗ್ಗಿಯವರೆಗೆ ಇಲ್ಲೇ ಇರುವುದೆಂದು ಅವರೊಡನೆ ಕೂಡಿಯೇ ತೀರ್ಮಾನಿಸಿದ್ದೇನೆ.